ಕಲ್ಲುಕಂಬಗಳ ದ್ವೀಪಕ್ಕೆ ಒಂದು ಹಗಲು

"ಏನು ಮೇಷ್ಟ್ರೇ, ಅಗ್ನಿಪರ್ವತದ ದ್ವೀಪದ ಮೇಲೆ ಓಡಾಡಬೇಕೆಂದು ನಮ್ಮ ಹುಡುಗ ಹಟ ಹಿಡಿದು ಕೂತಿದ್ದಾನೆ. ಜಪಾನಿಗೋ ಹವಾಯಿಗೋ ಹೋಗಿಬರುವಷ್ಟು ಅಡಿಕೆ ನಮ್ಮ ತೋಟದಲ್ಲಿ ಬೆಳೆಯುವುದಿಲ್ಲವಲ್ಲ!" ಎಂದು ನೆರೆಮನೆಯವರು ಒಂದು ಸಂಜೆ ನಮ್ಮ ಜಗಲಿಯ ಮೇಲೆ ಕುಳಿತು ಹೇಳಿದರು. "ಅಷ್ಟು ದೂರವೇಕೆ? ಹರಿಹರಪುರದಲ್ಲಿ ಬೆಳಗಿನ ಜಾವ ಕಾಫಿ ಕುಡಿದು ಹೊರಟರೆ ಹತ್ತು ಗಂಟೆಗೆ ಅಂಥ ದ್ವೀಪದ ಮೇಲೆ ನಿಂತಿರಬಹುದು, ರಾತ್ರಿಯ ಊಟಕ್ಕೆ ಮನೆಯಲ್ಲಿರಬಹುದು" ಎಂದೆ. ಅವರು ನಕ್ಕರು. ಮೇಷ್ಟ್ರು ಪರಿಹಾಸ್ಯ ಮಾಡುತ್ತಿದ್ದಾರೆಂದು ಎಣಿಸಿದರೋ ಏನೋ. ಪರಿಹಾಸ್ಯವಲ್ಲ. ಉಡುಪಿಯ ಬಳಿಯ ಮಲ್ಪೆಯಿಂದ ಆರೇಳು ಕಿಲೋಮೀಟರಿನಷ್ಟು ಕಡಲೊಳಗೆ ಇರುವ ಸೇಂಟ್ ಮೇರೀಸ್ ದ್ವೀಪಗಳು ಶುದ್ಧಾಂಗವಾಗಿ ಅಗ್ನಿಪರ್ವತದ ಸೃಷ್ಟಿ. ಅಲ್ಲಿ ಕಾಲಿಡುವ ಕಲ್ಲೆಲ್ಲ ಒಂದು ಕಾಲಕ್ಕೆ ಪಾಯಸದಂತೆ ಹರಿದ ಶಿಲಾರಸವೇ.

ಆ ದ್ವೀಪಕ್ಕೆ ನಾನು ಶಾಲೆಯ ಮಕ್ಕಳನ್ನು ಕರೆದುಕೊಂಡು ಹೋಗಿದ್ದೇನೆ. ಒಮ್ಮೆ ಹೋಗಲು ಹೊರಟು ಕಾಣದೆ ಹಿಂದಿರುಗಿದ್ದೇನೆ. ಕಾಣದೆ ಬಂದ ಪ್ರವಾಸದಿಂದ ಕಲಿತದ್ದೇ ಹೆಚ್ಚಾದುದರಿಂದ ಅದನ್ನು ಮೊದಲು ಹೇಳಿಬಿಡುತ್ತೇನೆ.

ನಲವತ್ತು ಚಿಲ್ಲರೆ ಮಕ್ಕಳು, ಇಬ್ಬರು ಸಹೋದ್ಯೋಗಿಗಳು, ಒಂದು ಬಾಡಿಗೆಯ ಬಸ್ಸು. ತಿಂಗಳು ಏಪ್ರಿಲ್, ಪರೀಕ್ಷೆ ಮುಗಿದ ಮರುವಾರ. ಕಾರ್ಯಕ್ರಮವನ್ನು ಸಿದ್ಧಪಡಿಸಿದವನು ನಾನೇ. ಅದನ್ನು ಪ್ರಬಂಧದಂತೆ ಪೀಠಿಕೆಯಿಂದ ಆರಂಭಿಸಿ ಬರೆದಿದ್ದೆ. ಏಳು ಗಂಟೆಗೆ ಹೊರಡುವುದು, ಆಗುಂಬೆಯಲ್ಲಿ ಉಪಾಹಾರ, ದಾರಿಯಲ್ಲಿ ಒಂದೆರಡು ನಿಲುಗಡೆ, ಉಡುಪಿಯಲ್ಲಿ ದೇವರ ದರ್ಶನ, ಮಠದಲ್ಲಿ ಊಟ, ಆಮೇಲೆ "ನಿಧಾನವಾಗಿ" ದ್ವೀಪ. ಮಲ್ಪೆಯ ದಡ ಮುಟ್ಟಿದಾಗ ಮೂರು ಗಂಟೆ. ಕಡಲಿನ ಮೇಲೆಲ್ಲ ಬಿಳಿಯ ನೊರೆಯ ಕುದುರೆಗಳು. ದೋಣಿಯವರು ತಲೆಯಾಡಿಸಿದರು. "ಇವತ್ತು ಆಗ್ಲಿಕ್ಕಿಲ್ಲ ಮಾಷ್ಟ್ರೇ. ಗಾಳಿ ಉಂಟು. ನಾಳೆ ಬೆಳಿಗ್ಗೆ ಬನ್ನಿ" ಎಂದರು. ನಾಳೆ ಬೆಳಿಗ್ಗೆ ಎಲ್ಲಿಂದ ಬರುವುದು!

ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು. ತಾಯಿ ತೋಟದ ಕೆಲಸಕ್ಕೆ ಹೋಗುವವರು. ಪ್ರವಾಸದ ಹಣವನ್ನು ಮೂರು ಕಂತಿನಲ್ಲಿ ತಂದು ಕೊಟ್ಟಿದ್ದಳು. ಕಡಲನ್ನು ಅದೇ ಮೊದಲು ನೋಡಿದ್ದು. ಎಲ್ಲರೂ ಮರಳಿನಲ್ಲಿ ಆಡುತ್ತಿರುವಾಗ ಅವಳು ನನ್ನ ಪಕ್ಕಕ್ಕೆ ಬಂದು, "ಸಾರ್, ಅಗೋ ಆ ಕಪ್ಪು ಗೆರೆ ಕಾಣುತ್ತಲ್ಲ, ಅದೇನಾ ದ್ವೀಪ?" ಎಂದು ಕೇಳಿದಳು. ಹೌದೆಂದೆ. "ಮೇಲೆ ಮರ ಇದೆ ಸಾರ್" ಎಂದಳು. ಅಷ್ಟೇ. ದೂರು ಹೇಳಲಿಲ್ಲ. ಹೇಳಿದ್ದರೆ ನನಗೆ ಎಷ್ಟೋ ವಾಸಿಯಾಗುತ್ತಿತ್ತು.

ಆ ರಾತ್ರಿ ಘಟ್ಟ ಹತ್ತಿ ಬರುವಾಗ ನನಗೆ ಹೊಳೆದ ಸಂಗತಿ ಇಷ್ಟು: ಇಂಥ ದ್ವೀಪದ ದಿನಚರಿಯನ್ನು ಮನೆಯ ಬಾಗಿಲಿನಿಂದ ಆರಂಭಿಸಿ ಬರೆಯಬಾರದು, ಕಡಲಿನಿಂದ ಹಿಮ್ಮುಖವಾಗಿ ಬರೆಯಬೇಕು. ಅನ್ವಯ ಮಾಡುವಾಗ ನಾವು ಕ್ರಿಯಾಪದವನ್ನು ಮೊದಲು ಹುಡುಕಿ ಉಳಿದ ಪದಗಳನ್ನು ಅದಕ್ಕೆ ಹೊಂದಿಸುವುದಿಲ್ಲವೆ? ಹಾಗೆ. ಇಲ್ಲಿ ಕ್ರಿಯಾಪದವೆಂದರೆ ದೋಣಿ. ದೋಣಿ ಯಾವಾಗ ಹೋಗಬಲ್ಲದು, ಯಾವಾಗ ಮರಳಬೇಕು ಎಂಬುದು ಗೊತ್ತಾದರೆ ಊಟ, ದರ್ಶನ, ಅಂಗಡಿ ಬೀದಿ ಎಲ್ಲವೂ ತಮ್ಮ ತಮ್ಮ ವಿಭಕ್ತಿಯಲ್ಲಿ ಬಂದು ಕೂರುತ್ತವೆ.

ಮೊದಲು ತಿಂಗಳು. ಮುಂಗಾರಿನ ಕಾಲದಲ್ಲಿ, ಎಂದರೆ ಸುಮಾರಾಗಿ ಮೇ ತಿಂಗಳ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ, ದ್ವೀಪಕ್ಕೆ ದೋಣಿಯೇ ಇರುವುದಿಲ್ಲ. ಆಗ ಪಶ್ಚಿಮದ ಕಡಲು ಮೀನುಗಾರರನ್ನೇ ಹತ್ತಿರ ಸೇರಿಸುವುದಿಲ್ಲ. ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಯಂತ್ರದ ದೋಣಿಗಳ ಮೀನುಗಾರಿಕೆಗೆ ಸರ್ಕಾರದ ನಿಷೇಧವೇ ಇದೆ. ನಮ್ಮ ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೀರಿ ಸುರಿಯುವ ಮಳೆಯನ್ನು ಹೊತ್ತು ತರುವ ಗಾಳಿಯೇ ಅಲ್ಲಿ ಅಲೆಗಳನ್ನು ಎಬ್ಬಿಸುವುದು. ಕೊಡೆ ಹಿಡಿದು ಬದುಕುವ ಮಲೆನಾಡಿಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಕ್ಟೋಬರಿನಿಂದ ದೋಣಿಗಳು ಓಡಾಡುತ್ತವೆ. ನನ್ನನ್ನು ಕೇಳಿದರೆ ಡಿಸೆಂಬರ್, ಜನವರಿ, ಫೆಬ್ರವರಿ ಉತ್ತಮ. ಕಡಲು ಶಾಂತ, ಬಿಸಿಲು ಸಹ್ಯ. ಏಪ್ರಿಲಿನ ಬಿಸಿಲಿನಲ್ಲಿ ಆ ಕಪ್ಪು ಕಲ್ಲು ದೋಸೆಯ ಕಾವಲಿಯಂತೆ ಕಾದಿರುತ್ತದೆ.

ಅನಂತರ ಹೊತ್ತು. ನನ್ನನ್ನು ಹಿಂದಕ್ಕೆ ಕಳಿಸಿದ ಮಧ್ಯಾಹ್ನದ ಗಾಳಿ ಆಕಸ್ಮಿಕವಲ್ಲವೆಂದು ಆಮೇಲೆ ತಿಳಿಯಿತು. ಹಗಲಿನಲ್ಲಿ ನೆಲ ಬೇಗ ಕಾಯುತ್ತದೆ, ನೀರು ನಿಧಾನವಾಗಿ ಕಾಯುತ್ತದೆ. ನೆಲದ ಮೇಲಿನ ಗಾಳಿ ಬಿಸಿಯಾಗಿ ಮೇಲೇರಿದಾಗ ಆ ಜಾಗವನ್ನು ತುಂಬಲು ಕಡಲಿನ ತಂಪು ಗಾಳಿ ದಡದತ್ತ ನುಗ್ಗುತ್ತದೆ. ಬಿಸಿಲೇರಿದಷ್ಟೂ ಅದರ ನುಗ್ಗು ಹೆಚ್ಚು. ರಾತ್ರಿ ಇದಕ್ಕೆ ವಿಪರೀತ. ನೆಲ ಬೇಗ ತಣಿದು ಗಾಳಿ ದಡದಿಂದ ಕಡಲಿಗೆ ಮೆಲ್ಲನೆ ಬೀಸುತ್ತದೆ. ಈ ಎರಡರ ನಡುವೆ ಬೆಳಗಿನ ಹೊತ್ತು ಕಡಲು ಕೆರೆಯಂತಿರುತ್ತದೆ. ಹಳೆಯ ಕಾಲದ ಹಾಯಿದೋಣಿಯ ಮೀನುಗಾರರು ರಾತ್ರಿಯ ಗಾಳಿಯಲ್ಲಿ ಹೊರಟು ಹಗಲಿನ ಗಾಳಿಯಲ್ಲಿ ಮರಳುತ್ತಿದ್ದುದು ಈ ಲೆಕ್ಕದಿಂದಲೇ. ಆದ್ದರಿಂದ ಬೆಳಿಗ್ಗೆ ಹೊರಡುವ ಮೊದಮೊದಲ ದೋಣಿಯಲ್ಲಿ ಹೋಗಿ, ಗಾಳಿ ಬಲಿಯುವ ಮುನ್ನ ಮರಳಿಬಿಡುವುದು ಜಾಣತನ.

ಮೂರನೆಯದು ಉಬ್ಬರ ಇಳಿತ. ದಿನಕ್ಕೆ ಎರಡು ಬಾರಿ ನೀರು ಏರುತ್ತದೆ, ಎರಡು ಬಾರಿ ಇಳಿಯುತ್ತದೆ. ಪ್ರತಿದಿನವೂ ಹಿಂದಿನ ದಿನಕ್ಕಿಂತ ಸುಮಾರು ಐವತ್ತು ನಿಮಿಷ ತಡ. ಗುಜರಾತಿನ ಖಂಬಾತ ಕೊಲ್ಲಿಯಲ್ಲಿ ಏರುವಂತೆ ನಮ್ಮ ಕರಾವಳಿಯಲ್ಲಿ ನೀರು ಏರುವುದಿಲ್ಲ, ಏರಿಳಿತದ ಅಂತರ ಆಳೆತ್ತರವನ್ನು ಮುಟ್ಟುವುದಿಲ್ಲ. ಆದರೆ ದ್ವೀಪದ ಅಂಚಿನ ಕಂಬಗಳನ್ನು ಬುಡದವರೆಗೆ ನೋಡಬೇಕಾದರೆ ನೀರು ಇಳಿದಿರುವ ಹೊತ್ತೇ ಬೇಕು. ಅಮಾವಾಸ್ಯೆ ಹುಣ್ಣಿಮೆಗಳ ಆಸುಪಾಸಿನಲ್ಲಿ ಏರಿಕೆಯೂ ಹೆಚ್ಚು, ಇಳಿಕೆಯೂ ಹೆಚ್ಚು. ಆದಕಾರಣ ಪಂಚಾಂಗವನ್ನು ಪ್ರಯಾಣದ ಮುಹೂರ್ತಕ್ಕಾಗಿ ಮಾತ್ರ ತೆರೆಯದೆ ತಿಥಿಗಾಗಿಯೂ ತೆರೆದು ನೋಡಿ. ಇನ್ನೊಂದು ಮಾತು: ಬಾನುಲಿಯಲ್ಲಿ ಹವಾಮಾನ ವರದಿಯ ಜೊತೆಗೆ ಮೀನುಗಾರರಿಗೆ ಕೊಡುವ ಎಚ್ಚರಿಕೆ ಬರುತ್ತದಲ್ಲ, ಘಟ್ಟದ ಮೇಲಿನ ನಾವು ಅದು ಬಂದಾಗ ಧ್ವನಿ ತಗ್ಗಿಸಿ ಕಾಫಿಗೆ ಏಳುತ್ತೇವೆ. ಹೊರಡುವ ಹಿಂದಿನ ಸಂಜೆಯಾದರೂ ಕೂತು ಅದನ್ನು ಕೇಳಬೇಕು.

ಇನ್ನು ದಿನದ ಲೆಕ್ಕ ತಾನಾಗಿಯೇ ಬೀಳುತ್ತದೆ. ಘಟ್ಟದ ತಿರುವುಗಳನ್ನು ಕತ್ತಲಾಗುವ ಮೊದಲು ಏರಿರಬೇಕು. ಅದಕ್ಕೆ ಮೂರೂವರೆಯ ಒಳಗೆ ಉಡುಪಿ ಬಿಡಬೇಕು. ಅದಕ್ಕೆ ಮುಂಚೆ ಊಟ. ಊಟಕ್ಕೆ ಮುಂಚೆ ದಡಕ್ಕೆ ಮರಳಿರಬೇಕು, ಎಂದರೆ ಒಂದು ಗಂಟೆಯ ಹೊತ್ತಿಗೆ. ದ್ವೀಪದಲ್ಲಿ ಎರಡು ಎರಡೂವರೆ ಗಂಟೆ ಬೇಕು. ದೋಣಿಯ ಪ್ರಯಾಣ ಅರ್ಧ ಗಂಟೆ. ಅಲ್ಲದೆ ಸಾಕಷ್ಟು ಜನ ತುಂಬದೆ ದೋಣಿ ಹೊರಡುವುದಿಲ್ಲ, ಅದಕ್ಕಾಗಿ ಕಾಯುವ ಹೊತ್ತನ್ನೂ ಹಿಡಿಯಿರಿ. ಒಂಬತ್ತಕ್ಕೆ ಮೊದಲು ಮಲ್ಪೆಯಲ್ಲಿ ಇರಬೇಕೆಂದಾಯಿತು. ನಮ್ಮೂರಿನಿಂದ ಅಲ್ಲಿಗೆ ನೂರು ಕಿಲೋಮೀಟರಿನ ಆಸುಪಾಸು, ಘಟ್ಟ ಸೇರಿ ಮೂರು ಮೂರೂವರೆ ಗಂಟೆ. ಐದಕ್ಕೆ ಹೊರಡಿ. ಎರಡನೆಯ ಸಲ ನಾವು ಹೊರಟದ್ದು ಹಾಗೆಯೇ, ಮಂಜಿನಲ್ಲಿ, ತುಂಗೆಯ ಸದ್ದು ಮಾತ್ರ ಕೇಳುತ್ತಿದ್ದಾಗ. ತಿಂಗಳು ಜನವರಿ.

ಆಗುಂಬೆ ಘಟ್ಟದ ವಿಷಯದಲ್ಲಿ ಎರಡೇ ಮಾತು. ಹದಿನಾಲ್ಕು ಕಡಿದಾದ ತಿರುವುಗಳು. ಉದ್ದನೆಯ ಬಸ್ಸು ಅವಕ್ಕೆ ಒಗ್ಗುವುದಿಲ್ಲ, ಸಣ್ಣ ಬಸ್ಸನ್ನೇ ಗೊತ್ತುಮಾಡಬೇಕು. ಉಪಾಹಾರವನ್ನು ಘಟ್ಟ ಇಳಿದಮೇಲೆ ಹೆಬ್ರಿಯ ಕಡೆ ಮಾಡುವುದು ಕ್ಷೇಮ. ಮೇಲೆ ತಿಂದವರ ಗತಿ ಎಂಟನೆಯ ತಿರುವಿನಲ್ಲಿ ಏನಾಗುತ್ತದೆಂಬುದನ್ನು ನಾನು ವರ್ಣಿಸಲಾರೆ.

ಆದರೆ ಅದೇ ಘಟ್ಟ ಆ ದ್ವೀಪದ ಕಥೆಯ ಮೊದಲ ಅಧ್ಯಾಯವೂ ಹೌದು. ನಮ್ಮೂರ ತುಂಗೆಯನ್ನು ನೋಡಿ. ಅರಬ್ಬೀ ಸಮುದ್ರ ಇಷ್ಟು ಹತ್ತಿರದಲ್ಲಿದ್ದರೂ ಅದಕ್ಕೆ ಬೆನ್ನು ತಿರುಗಿಸಿ, ಭದ್ರೆಯನ್ನು ಕೂಡಿ, ಕೃಷ್ಣೆಯನ್ನು ಸೇರಿ, ನಾಡನ್ನೆಲ್ಲ ಹಾದು ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಏಕೆ? ನೆಲವೇ ಪಶ್ಚಿಮದ ಅಂಚಿನಲ್ಲಿ ಎತ್ತಿ ಹಿಡಿದಂತಿದೆ, ಪೂರ್ವಕ್ಕೆ ಇಳಿಜಾರಾಗಿದೆ. ಆಗುಂಬೆಯಲ್ಲಿ ಸುಮಾರು 650 ಮೀಟರ್ ಎತ್ತರದಲ್ಲಿದ್ದ ರಸ್ತೆ ಕೆಲವೇ ಕಿಲೋಮೀಟರುಗಳಲ್ಲಿ ಸೋಮೇಶ್ವರದ ಬಯಲಿಗೆ ಧುಮುಕುತ್ತದೆ. ಮುರಿದ ಹಪ್ಪಳದ ಅಂಚಿನಂತೆ. ಭೂವಿಜ್ಞಾನಿಗಳು ಹೇಳುವಂತೆ ಅದು ನಿಜವಾಗಿಯೂ ಮುರಿದ ಅಂಚೇ. ಒಂದು ಕಾಲಕ್ಕೆ ಈ ಅಂಚಿಗೆ ಅಂಟಿಕೊಂಡು ಇನ್ನೊಂದು ನೆಲವಿತ್ತು. ಮಡಗಾಸ್ಕರ್.

ಹೌದು, ಆಫ್ರಿಕದ ಪಕ್ಕದ ಅದೇ ಮಡಗಾಸ್ಕರ್. ಸುಮಾರು ಎಂಟು ಕೋಟಿ ಎಂಬತ್ತು ಲಕ್ಷ ವರ್ಷಗಳ ಹಿಂದೆ ಭಾರತವೂ ಮಡಗಾಸ್ಕರವೂ ಒಂದನ್ನೊಂದು ಬಿಟ್ಟು ಅಗಲತೊಡಗಿದವು. ಎರಡು ನೆಲಗಳು ಹಾಗೆ ಬೇರೆಯಾಗುವಾಗ ನಡುವಣ ಬಿರುಕುಗಳಲ್ಲಿ ಭೂಗರ್ಭದ ಕರಗಿದ ಶಿಲೆ ಮೇಲಕ್ಕೆ ಬಂತು. ಮಲ್ಪೆಯ ಎದುರಿನ ದ್ವೀಪಗಳು ಆಗ ಬಂದವು. ಅವುಗಳ ಕಲ್ಲಿನ ವಯಸ್ಸನ್ನು ಅಳೆದಾಗ ಎಂಟೂವರೆ ಕೋಟಿ ವರ್ಷಗಳ ಆಸುಪಾಸಿನ ಲೆಕ್ಕ ಸಿಕ್ಕಿತು. ಮಡಗಾಸ್ಕರದಲ್ಲಿಯೂ ಬಹುಮಟ್ಟಿಗೆ ಅದೇ ಕಾಲದ ಅಗ್ನಿಶಿಲೆಗಳಿವೆ. ಇಂದು ಈ ಎರಡು ತೀರಗಳ ನಡುವೆ ಸುಮಾರು ನಾಲ್ಕು ಸಾವಿರ ಕಿಲೋಮೀಟರ್ ನೀರು. ಭಾಗವಾದ ಅಣ್ಣತಮ್ಮಂದಿರ ಮನೆಗಳಲ್ಲಿ ಒಂದೇ ಅಚ್ಚಿನ ಚೆಂಬುಗಳು ಉಳಿದಿರುತ್ತವಲ್ಲ, ಅಂಥದು. ಮಕ್ಕಳಿಗೆ ಇದನ್ನು ಶಾಲೆಯ ಗೋಡೆಯ ಭೂಪಟದಲ್ಲಿ ತೋರಿಸಿದರೆ ಆಕಳಿಸುತ್ತಾರೆ. ಘಟ್ಟದ ತಿರುವಿನಲ್ಲಿ ಬಸ್ಸಿನ ಕಿಟಕಿಯಿಂದ ತೋರಿಸಿ, ಮೂರು ಗಂಟೆಯ ತರುವಾಯ ಆ ಬಿರುಕಿನಿಂದ ಬಂದ ಕಲ್ಲಿನ ಮೇಲೆಯೇ ನಿಲ್ಲಿಸಿದರೆ ಆಕಳಿಸುವುದಿಲ್ಲ.

ದೋಣಿ ಹೊರಟು ಬಂದರು ಹಿಂದಾದಮೇಲೆ ದ್ವೀಪ ನೀರಿನ ಮೇಲೆ ಚಪ್ಪಟೆಯಾಗಿ ಕಾಣುತ್ತದೆ. ತೆಂಗಿನ ಮರಗಳು, ಕೆಳಗೆ ಕಪ್ಪು ಕಲ್ಲು. ಜ್ವಾಲಾಮುಖಿಯೆಂದರೆ ನೆತ್ತಿಯಲ್ಲಿ ಬಾಯಿರುವ ಬೆಟ್ಟ ಎಂದು ಚಿತ್ರದಲ್ಲಿ ನೋಡಿದ ಮಕ್ಕಳಿಗೆ ಸ್ವಲ್ಪ ನಿರಾಸೆಯಾಗುತ್ತದೆ. ಅದರ ಅತ್ಯುನ್ನತ ಸ್ಥಳವೂ ಕಡಲಿಗಿಂತ ಸುಮಾರು ಹತ್ತು ಮೀಟರ್ ಎತ್ತರ ಮಾತ್ರ. ಬೆಟ್ಟವಿದ್ದರೆ ಕೋಟ್ಯಂತರ ವರ್ಷಗಳ ಮಳೆಗಾಳಿಗೆ ಅದು ಉಳಿಯುವುದೆಲ್ಲಿ! ಇಲ್ಲಿ ಮುಖ್ಯವಾಗಿ ನಾಲ್ಕು ದ್ವೀಪಗಳಿವೆ. ಜನ ಹೋಗುವುದು ತೆಂಗಿನ ದ್ವೀಪಕ್ಕೆ. ಅರ್ಧ ಕಿಲೋಮೀಟರ್ ಉದ್ದ, ನೂರು ಮೀಟರ್ ಅಗಲ. ಇದಕ್ಕೆ ತೋನ್ಸೆಪಾರ್ ಎಂಬ ಹೆಸರೂ ಇದೆ. ಎದುರು ದಡದಲ್ಲಿ ತೋನ್ಸೆ ಎಂಬ ಊರಿದೆ. ಪಾರೆ ಎಂದರೆ ಬಂಡೆ. ತೋನ್ಸೆಯ ಬಂಡೆಯೇ ತೋನ್ಸೆಪಾರ್ ಆಗಿರಬೇಕೆಂದು ನನ್ನ ಎಣಿಕೆ. ಸೇಂಟ್ ಮೇರಿಯ ಹೆಸರನ್ನು ವಾಸ್ಕೋ ಡ ಗಾಮನಿಗೆ ಒಪ್ಪಿಸುತ್ತಾರೆ: 1498ರಲ್ಲಿ ಕಲ್ಲಿಕೋಟೆಯಿಂದ ಮರಳುವಾಗ ಆತ ಇಲ್ಲಿ ಇಳಿದು ಶಿಲುಬೆಯ ಗುರುತಿನ ಕಂಬವೊಂದನ್ನು ನೆಟ್ಟು, ಮೇರಿಮಾತೆಯ ಹೆಸರಿಟ್ಟನೆಂದು ಪ್ರತೀತಿ. ಸಾವಿರಾರು ಕಂಬಗಳು ತಾವಾಗಿಯೇ ನಿಂತಿರುವೆಡೆಗೆ ಇನ್ನೊಂದು ಕಂಬವನ್ನು ಹಡಗಿನಲ್ಲಿ ಹೊತ್ತು ತಂದನಲ್ಲ ಎಂದು ನನ್ನ ಸಹೋದ್ಯೋಗಿಗಳು ನಕ್ಕರು. ದ್ವೀಪ ಎಂಬ ಶಬ್ದವೂ ಸ್ವಾರಸ್ಯವಾದದ್ದೇ. ದ್ವಿ ಮತ್ತು ಅಪ್ ಸೇರಿ ಆದದ್ದು. ಎರಡು ಕಡೆ ನೀರುಳ್ಳದ್ದು ಎಂದರ್ಥ. ನಾಲ್ಕು ಕಡೆಯೂ ನೀರಿರುವಾಗ ಎರಡೇ ಏಕೆಂದು ಹುಡುಗನೊಬ್ಬ ಕೇಳಿದ. ನದಿಯ ನಡುಗಡ್ಡೆಯನ್ನು ನೋಡಿದವರು ಕಟ್ಟಿದ ಮಾತಾಗಿರಬೇಕಪ್ಪ ಎಂದು ತಪ್ಪಿಸಿಕೊಂಡೆ.

ಇಳಿದ ಕೂಡಲೆ ಕಾಲಿಗೆ ಸಿಗುವುದು ಮರಳಲ್ಲ, ಕಪ್ಪೆಚಿಪ್ಪು. ಬಿಳಿ, ಕಂದು, ನಸುಗೆಂಪು, ಎಲ್ಲ ಪುಡಿಪುಡಿ. ಅದನ್ನು ದಾಟಿ ಅಂಚಿಗೆ ಬಂದರೆ ಕಂಬಗಳು. ಬಾಚಿಯಿಂದ ಕೆತ್ತಿ ಜೋಡಿಸಿದ ಮರದ ತುಂಡುಗಳಂತೆ ಒಂದಕ್ಕೊಂದು ಒತ್ತಿ ನಿಂತಿವೆ. ಕೆಲವು ನೆಟ್ಟಗೆ, ಕೆಲವು ವಾಲಿಕೊಂಡು. ತಲೆಯನ್ನು ಮೇಲಿನಿಂದ ನೋಡಿದರೆ ಐದು ಮೂಲೆ, ಆರು ಮೂಲೆ, ಒಮ್ಮೊಮ್ಮೆ ಏಳು. ದೊಡ್ಡವು ಆರು ಮೀಟರಿನಷ್ಟು ಎತ್ತರವಿವೆ. ಪಾಂಡವರ ಕೆಲಸ ಎಂದು ಯಾರಾದರೂ ಹೇಳಿದರೆ ನಂಬಬೇಕು, ಹಾಗಿದೆ.

ಈ ಅಚ್ಚುಕಟ್ಟು ಎಲ್ಲಿಂದ ಬಂತು? ನಮ್ಮ ಮನೆಗಳಲ್ಲಿ ಕೂವೆಹಿಟ್ಟು ಮಾಡುವುದನ್ನು ಕಂಡವರಿಗೆ ಅರ್ಥವಾಗುತ್ತದೆ. ಕೂವೆಗೆಡ್ಡೆಯನ್ನು ತುರಿದು, ನೀರಿನಲ್ಲಿ ಕದಡಿ, ಸೋಸಿ ಇಟ್ಟರೆ ಹಿಟ್ಟು ತಳದಲ್ಲಿ ಗಟ್ಟಿಯಾಗಿ ಕೂರುತ್ತದೆ. ಮೇಲಿನ ನೀರು ಬಸಿದು ಬಿಸಿಲಿಗಿಟ್ಟರೆ ಒಣಗುತ್ತ ಒಣಗುತ್ತ ಕುಗ್ಗಿ ಬಿರುಕು ಬಿಡುತ್ತದೆ. ಬಿರುಕು ಮೇಲ್ಮೈಯಲ್ಲಿ ಮೂಡಿ ಮೆಲ್ಲನೆ ಒಳಕ್ಕೆ ಇಳಿಯುತ್ತದೆ. ಕೊನೆಗೆ ಕೈಯಿಟ್ಟರೆ ಹಿಟ್ಟು ಮೂಲೆಮೂಲೆಯ ತುಂಡುಗಳಾಗಿ ಬಿಡಿಸಿಕೊಳ್ಳುತ್ತದೆ. ವಿಜ್ಞಾನಿಗಳು ಕಲ್ಲುಕಂಬಗಳ ರಹಸ್ಯವನ್ನು ಅರಿಯಲು ಪ್ರಯೋಗಶಾಲೆಯಲ್ಲಿ ಮಾಡಿದ್ದೂ ಇದನ್ನೇ. ಪಿಷ್ಟವನ್ನು ನೀರಿನಲ್ಲಿ ಕದಡಿ, ದಪ್ಪನಾಗಿ ಹಾಕಿ, ಒಣಗಿಸಿ, ಪುಟ್ಟ ಪುಟ್ಟ ಕಂಬಗಳನ್ನು ಪಡೆದರು. ಅಲ್ಲಿ ನೀರು ಆರಿ ಕುಗ್ಗುತ್ತದೆ. ಇಲ್ಲಿ ಬಿಸಿ ಆರಿ ಕುಗ್ಗಿತು. ನೂರಾರು ಡಿಗ್ರಿ ಶಾಖದಲ್ಲಿದ್ದ ಶಿಲಾರಸ ಮೇಲಿನಿಂದಲೂ ಕೆಳಗಿನಿಂದಲೂ ತಣಿದು ಗಟ್ಟಿಯಾಗುವಾಗ ಸಂಕುಚಿಸಿತು. ಸಂಕುಚಿಸುವ ವಸ್ತು ಎಲ್ಲ ಕಡೆಗೂ ಸಮವಾಗಿ ಎಳೆಯಲ್ಪಟ್ಟರೆ ಬಿರುಕುಗಳು ಮೂರು ಮೂರಾಗಿ ಕೂಡುತ್ತವೆ. ಹಾಗೆ ಕೂಡಿದಾಗ ನಡುವೆ ಉಳಿಯುವ ಆಕೃತಿ ಬಹುಮಟ್ಟಿಗೆ ಷಟ್ಕೋನ. ತಣಿವು ಒಳಗಿಳಿದಂತೆಲ್ಲ ಬಿರುಕೂ ಇಳಿಯಿತು, ಕೋನ ಕಂಬವಾಯಿತು. ನಿಧಾನವಾಗಿ ತಣಿದಲ್ಲಿ ದಪ್ಪ ಕಂಬ, ಬೇಗ ತಣಿದಲ್ಲಿ ಸಣ್ಣ ಕಂಬ. ಕಂಬ ಯಾವ ಕಡೆಗೆ ವಾಲಿದೆಯೋ ಅದಕ್ಕೆ ಅಡ್ಡಲಾಗಿ ತಣಿಯುವ ಮೇಲ್ಮೈ ಇತ್ತೆಂದು ತಿಳಿಯಬೇಕು. ಇಷ್ಟು ಗೊತ್ತಿದ್ದರೆ ಆ ಕಲ್ಲು ರಾಶಿಯಾಗಿ ಕಾಣುವುದಿಲ್ಲ, ಬರವಣಿಗೆಯಾಗಿ ಕಾಣುತ್ತದೆ. ನಮ್ಮ ಮಕ್ಕಳಿಗೆ ನಾನು ಕೊಟ್ಟ ಕೆಲಸ ಒಂದೇ: ತಲಾ ಇಪ್ಪತ್ತು ಕಂಬಗಳ ಮೂಲೆಗಳನ್ನು ಎಣಿಸಿ ಬರೆಯುವುದು. ಗಲಾಟೆ ತಾನಾಗಿ ನಿಂತಿತು.

ಒಂದು ತಿದ್ದುಪಡಿಯನ್ನು ಇಲ್ಲಿ ಹೇಳಬೇಕು. ಪ್ರವಾಸಿಗರ ಕೈಪಿಡಿಗಳಲ್ಲಿ ಇದನ್ನು ಬಸಾಲ್ಟ್ ಶಿಲೆ ಎಂದು ಬರೆದಿರುವುದುಂಟು. ಕಂಬದ ರೂಪ ಬಸಾಲ್ಟಿನಲ್ಲಿಯೇ ಹೆಚ್ಚಾಗಿ ಕಾಣುವುದರಿಂದ ಹಾಗಾಗಿರಬೇಕು. ಇದು ರಯೋಲೈಟ್, ಡೇಸೈಟ್ ಎಂಬ ಜಾತಿಯದು. ಬಸಾಲ್ಟಿಗಿಂತ ಇದರಲ್ಲಿ ಸಿಲಿಕದ ಪಾಲು ಹೆಚ್ಚು. ಮಹಾರಾಷ್ಟ್ರವನ್ನೂ ನಮ್ಮ ಉತ್ತರ ಕರ್ನಾಟಕದ ಕೆಲವು ಭಾಗಗಳನ್ನೂ ಮುಚ್ಚಿರುವ ದಖ್ಖನಿನ ಬಸಾಲ್ಟ್ ಹರಿದದ್ದು ಇದಾದಮೇಲೆ ಸುಮಾರು ಎರಡು ಕೋಟಿ ವರ್ಷಕ್ಕೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಸಂಸ್ಥೆಯವರು ಈ ದ್ವೀಪವನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದ್ದಾರೆ. ಬೇಲೂರಿನಲ್ಲಿ ಮದನಿಕೆಯ ಬೆರಳನ್ನು ಮುರಿದು ಚೀಲಕ್ಕೆ ಹಾಕಿಕೊಳ್ಳದವರು ಇಲ್ಲಿಯೂ ಕಲ್ಲಿನ ಚೂರನ್ನು ಎತ್ತಬಾರದು. ಚಿಪ್ಪಿನ ವಿಷಯದಲ್ಲಿಯೂ ನಾನು ಕಟ್ಟುನಿಟ್ಟು. ದಿನಕ್ಕೆ ನೂರಾರು ಜನ ಬರುವ ಕಡೆ ಹಿಡಿಹಿಡಿಯಾಗಿ ಒಯ್ದರೆ ಉಳಿಯುವುದೇನು?

ಕಂಬಗಳ ಇಂಥ ನೆಲೆ ಜಗತ್ತಿನಲ್ಲಿ ಬೇರೆ ಕಡೆಯೂ ಇವೆ. ಉತ್ತರ ಐರ್ಲೆಂಡಿನ ಕಡಲತೀರದಲ್ಲಿ ಸುಮಾರು ನಲವತ್ತು ಸಾವಿರ ಕಂಬಗಳ ಹಾಸಿದೆ. ದೈತ್ಯನೊಬ್ಬ ಸ್ಕಾಟ್ಲೆಂಡಿಗೆ ನಡೆದುಹೋಗಲು ಕಟ್ಟಿದ ಸೇತುವೆ ಎಂದು ಅಲ್ಲಿಯವರ ಕಥೆ. ನಮ್ಮ ರಾಮಸೇತುವಿನ ನೆನಪಾಗದೆ ಇರದು. ಜೀವಂತ ಅಗ್ನಿಪರ್ವತದ ದ್ವೀಪಕ್ಕೇ ಒಂದು ದಿನದ ಪ್ರವಾಸ ಹೋಗುವವರೂ ಇದ್ದಾರೆ. ನ್ಯೂಜಿಲೆಂಡಿನ ವಕಾರಿ ಎಂಬ ದ್ವೀಪಕ್ಕೆ ಹಾಗೆ ಜನ ದೋಣಿಯಲ್ಲಿ ಹೋಗುತ್ತಿದ್ದರು. 2019ರ ಡಿಸೆಂಬರ್ 9ರಂದು, 47 ಮಂದಿ ಮೇಲಿದ್ದಾಗ, ಅದು ಸಿಡಿಯಿತು. 22 ಜನ ತೀರಿಕೊಂಡರು. ಭಾರತದಲ್ಲಿ ಬದುಕಿರುವ ಅಗ್ನಿಪರ್ವತ ಒಂದೇ, ಅಂಡಮಾನಿನ ಬ್ಯಾರನ್ ದ್ವೀಪದ್ದು. ಸುಮಾರು ಒಂದೂವರೆ ಶತಮಾನ ಮಲಗಿದ್ದು 1991ರಲ್ಲಿ ಎದ್ದಿತು. ಮಲ್ಪೆಯ ದ್ವೀಪ ಅಂಥದಲ್ಲ. ಅದರ ಬೆಂಕಿ ಆರಿ ಕೋಟ್ಯಂತರ ವರ್ಷವಾಯಿತು. ಆ ಬಗ್ಗೆ ಮನೆಯ ಹಿರಿಯರು ಹೆದರಬೇಕಾದ್ದಿಲ್ಲ. ಹೆದರಬೇಕಾದದ್ದು ನೀರಿಗೆ.

2022ರ ಏಪ್ರಿಲಿನಲ್ಲಿ ಕೇರಳದಿಂದ ಪ್ರವಾಸ ಬಂದಿದ್ದ ಕಾಲೇಜು ವಿದ್ಯಾರ್ಥಿಗಳಲ್ಲಿ ಮೂವರು ಈ ದ್ವೀಪದ ಬಂಡೆಗಳ ಬಳಿ ಕಡಲಿನ ಪಾಲಾದರು. ನದಿಯಲ್ಲಿ ಈಜಿ ಬೆಳೆದ ನಮ್ಮ ಮಕ್ಕಳಿಗೆ ಇದನ್ನು ಮೊದಲೇ ಹೇಳಿದ್ದೆ. ತುಂಗೆ ಒಂದೇ ದಿಕ್ಕಿಗೆ ಎಳೆಯುತ್ತಾಳೆ; ಕಡಲು ಎತ್ತುತ್ತದೆ, ಬಂಡೆಗೆ ಬಡಿಯುತ್ತದೆ, ಹಿಂದಕ್ಕೆ ಸೆಳೆಯುತ್ತದೆ. ಹತ್ತು ಸಣ್ಣ ಅಲೆಗಳ ತರುವಾಯ ದೊಡ್ಡದೊಂದು ಬರಬಹುದು. ಇಷ್ಟು ಹೇಳಿಯೂ ಏನಾಯಿತು ಕೇಳಿ. ಒಬ್ಬ ಹುಡುಗ, ಒಳ್ಳೆಯ ಈಜುಗಾರ, ಇಪ್ಪತ್ತೊಂದನೆಯ ಕಂಬವನ್ನು ಎಣಿಸಲು ನೀರಿನ ಅಂಚಿಗೆ ಇಳಿದ. ಅಲ್ಲಿಯ ಕಲ್ಲಿಗೆ ಪಾಚಿ. ಜಾರಿದ. ಎರಡು ಕಂಬಗಳ ನಡುವೆ ಕಾಲು ಸಿಕ್ಕಿತು, ಅಲೆ ಸೊಂಟದವರೆಗೆ ಬಂತು. ಪಕ್ಕದಲ್ಲಿದ್ದ ದೋಣಿಯ ಆಳು ಅಂಗಿಯ ಕೊರಳಪಟ್ಟಿ ಹಿಡಿದು ಎತ್ತಿದ. ಮೊಣಕಾಲು ತರಚಿದ್ದಷ್ಟೇ. ಆದರೆ ಒಂದು ಗಳಿಗೆ ನನ್ನ ಕೈಕಾಲು ಆಡಲಿಲ್ಲ. ಹುಡುಗನ ತಂದೆಗೆ ಏನು ಹೇಳಲಿ ಎಂಬ ಒಂದೇ ಯೋಚನೆ. ನಾನು ಎಣಿಸಲು ಹೇಳಿದ್ದೆ, ಎಲ್ಲಿಯವರೆಗೆ ಹೋಗಬಹುದೆಂದು ಗೆರೆ ಎಳೆದಿರಲಿಲ್ಲ. ತಪ್ಪು ಅವನದಕ್ಕಿಂತ ನನ್ನದು.

ಆದುದರಿಂದ ಮನೆಮಂದಿಯನ್ನು ಕರೆದೊಯ್ಯುವವರಿಗೆ ನನ್ನ ವಿನಂತಿ: ಇಳಿದ ಕೂಡಲೆ ಕಲ್ಲಿನ ಬಣ್ಣ ನೋಡಿಕೊಳ್ಳಿ. ಒಣಗಿದ ಕಲ್ಲು ಮಸುಕು, ನೆನೆದ ಕಲ್ಲು ಕಡುಕಪ್ಪು, ಹಸಿರು ಇದ್ದರೆ ಪಾಚಿ. ಒಣಗಿದ ಕಲ್ಲಿನ ಅಂಚೇ ಗೆರೆ. ಅದರಾಚೆ ಯಾರೂ ಹೋಗಕೂಡದು, ಛಾಯಾಚಿತ್ರಕ್ಕಾಗಿಯಂತೂ ಕೂಡದೇ ಕೂಡದು. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು. ಜೀವರಕ್ಷಕರು ಶಿಳ್ಳೆ ಊದಿದರೆ ಅದು ನಮಗೇ ಎಂದು ತಿಳಿಯಬೇಕು. ದೋಣಿಯಲ್ಲಿ ಕೊಡುವ ತೇಲುವ ಅಂಗಿಯನ್ನು, ಎಷ್ಟೇ ಕೊಳೆಯಾಗಿರಲಿ, ತೊಟ್ಟುಕೊಳ್ಳಬೇಕು. ಮಕ್ಕಳ ತಲೆಯನ್ನು ಹತ್ತುವಾಗ ಎಣಿಸುವುದು ಮಾತ್ರವಲ್ಲ, ಅರ್ಧ ಗಂಟೆಗೊಮ್ಮೆ ಎಣಿಸಬೇಕು.

ಉಳಿದ ಸಾಮಾನು ಸರಂಜಾಮು ಹೆಚ್ಚಿಲ್ಲ. ಹಿಂದೆ ಪಟ್ಟಿಯಿರುವ ಚಪ್ಪಲಿ; ಹವಾಯಿ ಚಪ್ಪಲಿ ಈ ಕಲ್ಲಿಗೆ ಆಗದು. ಟೊಪ್ಪಿಗೆ ಅಥವಾ ಟವೆಲು. ತಲಾ ಒಂದು ದೊಡ್ಡ ಬಾಟಲಿ ನೀರು; ಸುತ್ತಲೂ ನೀರಿದ್ದು ಬಾಯಾರುವ ಸ್ಥಳ ಅದು. ನಾವು ಬುತ್ತಿಗೆ ಚಿತ್ರಾನ್ನವನ್ನೂ ಕಿತ್ತಳೆಯನ್ನೂ ಒಯ್ದೆವು. ಬಾಳೆಲೆಯನ್ನೂ ಸಿಪ್ಪೆಯನ್ನೂ ಸಹ ಚೀಲದಲ್ಲಿ ತುಂಬಿ ಮರಳಿ ತಂದೆವು. ಪ್ಲಾಸ್ಟಿಕ್ಕಿನ ಮಾತು ಹೇಳಬೇಕಾದ್ದೇ ಇಲ್ಲ. ವಯಸ್ಸಾದವರು ಹೋಗಬಹುದೇ ಎಂದರೆ, ದೋಣಿಯಿಂದ ಇಳಿಯುವಾಗ ಕೈಹಿಡಿಯುವವರಿದ್ದರೆ ಧಾರಾಳವಾಗಿ ಹೋಗಬಹುದು. ಮೊಣಕಾಲುದ್ದ ನೀರಿನಲ್ಲಿ ಇಳಿಯಬೇಕಾಗಿ ಬಂದರೂ ಬಂದೀತು. ಪಂಚೆಯನ್ನು ಎತ್ತಿ ಕಟ್ಟುವುದಕ್ಕೆ ಸಂಕೋಚ ಬೇಡ.

ಮೊದಲ ಪ್ರವಾಸದಲ್ಲಿ ಕಪ್ಪು ಗೆರೆಯನ್ನು ತೋರಿಸಿದ ಹುಡುಗಿ ಎರಡನೆಯ ಸಲ ನಮ್ಮ ಶಾಲೆಯಲ್ಲಿರಲಿಲ್ಲ, ಕಾಲೇಜಿಗೆ ಸೇರಿದ್ದಳು. ಅವಳ ಮನೆಗೆ ಹೋಗಿ, ಹಳೆಯ ಬಾಕಿಯಿದೆ, ಜೊತೆಗೆ ಬಾ ಎಂದು ಕರೆದಿದ್ದೆ. ಹಣ ಕೊಡಲು ಬಂದರು. ಅದು ಹಿಂದಿನ ವರ್ಷವೇ ಸಂದಿದೆ ಎಂದೆ. ದ್ವೀಪದಲ್ಲಿ ಅವಳು ಕಿರಿಯರನ್ನು ಎರಡು ಗುಂಪು ಮಾಡಿ ಎಣಿಸಿದ್ದನ್ನೆಲ್ಲ ಬರೆಸಿಕೊಂಡಳು. ಆರು ಮೂಲೆಯವೇ ಹೆಚ್ಚು, ಐದರವು ಎರಡನೆಯ ಸ್ಥಾನ, ಏಳರವು ಕೆಲವೇ, ನಾಲ್ಕು ಮೂಲೆಯದು ಒಂದೇ ಒಂದು. ಆ ಒಂದನ್ನು ಎಲ್ಲರೂ ಹೋಗಿ ನೋಡಿ ಬಂದೆವು.

ಸಂಜೆ ಆಗುಂಬೆಯ ಮೇಲೆ, ಸೂರ್ಯಾಸ್ತ ನೋಡುವ ಕಟ್ಟೆಯ ಬಳಿ, ಬಸ್ಸು ನಿಂತಿತು. ಮಂಜಿಲ್ಲದ ದಿನ ಅಲ್ಲಿಂದ ಕಡಲಿನ ಹೊಳಪು ಕಾಣುತ್ತದೆ. ಅಂದು ಕಂಡಿತು. "ಸಾರ್, ಇಲ್ಲಿಂದ ಆ ಗೆರೆ ಕಾಣುತ್ತಾ?" ಎಂದು ಅವಳು ಕೇಳಿದಳು. ಇಷ್ಟು ದೂರಕ್ಕೆ ಹತ್ತು ಮೀಟರ್ ಎತ್ತರದ್ದು ಕಾಣುವುದಿಲ್ಲಮ್ಮ ಎಂದೆ. ಅವಳು ಕಣ್ಣಿಗೆ ಕೈ ಅಡ್ಡ ಹಿಡಿದು ಇನ್ನೂ ಸ್ವಲ್ಪ ಹೊತ್ತು ಹುಡುಕಿದಳು. ಅಷ್ಟರಲ್ಲಿ ಚಾಲಕ ಹಾರನ್ ಮಾಡಿದ. ನಾನು ತಲೆ ಎಣಿಸಲು ಬಸ್ಸು ಹತ್ತಿದೆ.